ಕಲ್ಲಿನ ಕೆಳಗಿನ ಕರಡಿ

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ವಿಡಿಯೊ ಆಟದ ಬಗ್ಗೆ ನನಗೆ ತಿಳಿದಿರುವುದು ಕಡಿಮೆ, ಲಿಫ್ಟಿನ ಬಗ್ಗೆ ಇನ್ನೂ ಕಡಿಮೆ. ಇಷ್ಟು ಅಲ್ಪ ತಿಳಿವಳಿಕೆಯಿಂದ ಒಬ್ಬನ ಮೇಲೆ ಸಂಶಯ ಬರುವಂಥ ಮಾತಾಡಬಾರದು ಎಂಬುದೂ ಗೊತ್ತು. ಆದರೂ ಆ ಭಾನುವಾರ ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆಯೇ ಹೇಳಲು ಪ್ರಯತ್ನಿಸುತ್ತೇನೆ.

ಟಿವಿಯೊಳಗಿನ ಗುಹೆಯಲ್ಲಿ ಮೇಲಿನಿಂದ ಕಲ್ಲು ಬಿತ್ತು. ಕರಡಿ ಚಪ್ಪಟೆಯಾಯಿತು.

"ಹಿಡ್ದೆ ಅಂದ್ಯಲ್ಲೋ!" ಎಂದು ಮೆಕ್ಯಾನಿಕ್ ಕೂಗಿದ.

"ಹಿಡ್ದಿದ್ದೆ ಅಣ್ಣಾ. ನಿಮ್ಮ ಕರಡಿ ಹೊಟ್ಟೆ ದಪ್ಪ, ಅದಕ್ಕೆ ನಾನೇನ್ ಮಾಡ್ಲಿ?" ಎಂದ ಗಿಡ್ಡ.

ಇಬ್ಬರೂ ನಕ್ಕರು. ಮೆಕ್ಯಾನಿಕ್ಕನ ಹೆಂಡತಿ ನಗಲಿಲ್ಲ.

ಗಿಡ್ಡ ಆರಡಿ ಎತ್ತರದವನು. ಆ ಹೆಸರಿಟ್ಟವನು ಮೆಕ್ಯಾನಿಕ್ಕೇ. ಒಂಬತ್ತು ವರ್ಷದಿಂದ ಇಬ್ಬರೂ ಜೋಡಿಯಾಗಿ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಭಾನುವಾರ ಊಟವಾದ ಮೇಲೆ ಗಿಡ್ಡ ಬರುವುದು, ಮೂವರೂ ಸೋಫಾದಲ್ಲಿ ಒತ್ತೊತ್ತಾಗಿ ಕೂತು ಆಡುವುದು ರೂಢಿ. ಆಟದಲ್ಲಿ ಗಂಡನದು ಕರಡಿ, ಹೆಂಡತಿಯದು ದೀಪ ಹಿಡಿದ ಹುಡುಗಿ, ಗಿಡ್ಡನದು ಮಂತ್ರ ಹಾಕಿ ಕಲ್ಲನ್ನು ಗಾಳಿಯಲ್ಲೇ ನಿಲ್ಲಿಸುವ ಮುದುಕ. ಮೂವರೂ ದಾಟದೆ ಮುಂದಿನ ಬಾಗಿಲು ತೆರೆಯುತ್ತಿರಲಿಲ್ಲ.

ಈ ಸಲ ಮೆಕ್ಯಾನಿಕ್ ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈ ಹೆಬ್ಬೆರಳೊಂದರಿಂದಲೇ ಕರಡಿಯನ್ನು ನಡೆಸುತ್ತಿದ್ದ. ಬಲಗೈಗೆ ದಪ್ಪ ಬ್ಯಾಂಡೇಜು ಕಟ್ಟಿತ್ತು.

ಅವರ ಕೆಲಸದಲ್ಲಿ ಒಂದು ಕಟ್ಟಳೆಯಿತ್ತು. ಯಾರೂ ಕಲಿಸಿದ್ದಲ್ಲ, ಇಬ್ಬರೇ ಮಾಡಿಕೊಂಡದ್ದು. ಮೇಲೆ ಲಿಫ್ಟಿನ ಯಂತ್ರದ ಕೋಣೆಯಲ್ಲಿದ್ದವನು ಸ್ವಿಚ್ ಆಫ್ ಮಾಡಿ, ಅದರ ಮೇಲೆ ಕೈಯಿಟ್ಟುಕೊಂಡೇ ಫೋನಿನಲ್ಲಿ "ಹಿಡ್ದೆ" ಅನ್ನಬೇಕು. ಆ ಮಾತು ಕೇಳಿದ ಮೇಲಷ್ಟೇ ಕೆಳಗೆ ಲಿಫ್ಟಿನ ತಳದ ಗುಂಡಿಯಲ್ಲಿರುವವನು ಕೈ ಹಾಕಬೇಕು. ಹತ್ತು ದಿನದ ಹಿಂದೆ ಮೇಲಿನಿಂದ ಗಿಡ್ಡನ ಮಾತು ಕೇಳಿಸಿತ್ತು, ಮೆಕ್ಯಾನಿಕ್ ಕೈ ಹಾಕಿದ್ದ, ಲಿಫ್ಟ್ ಒಂದು ಗೇಣು ಸರಿದಿತ್ತು. ಹಗ್ಗಕ್ಕೂ ಗಾಲಿಗೂ ನಡುವೆ ಸಿಕ್ಕಿ ಎರಡು ಬೆರಳು ಜಜ್ಜಿಹೋಗಿದ್ದವು. ಸ್ವಿಚ್ಚೇ ಸರಿಯಿರಲಿಲ್ಲ ಎಂದು ಗಿಡ್ಡ ಹೇಳಿದ. ಆಫೀಸಿನಿಂದ ತಪಾಸಣೆಗೆ ಬಂದವರು ಸ್ವಿಚ್ಚನ್ನು ಇಪ್ಪತ್ತು ಸಲ ಒತ್ತಿದರು. ಇಪ್ಪತ್ತು ಸಲವೂ ಅದು ಸರಿಯಾಗಿತ್ತು.

ಈಗ ಆಫೀಸಿನ ಹಾಳೆಯೊಂದು ಟೀಪಾಯಿಯ ಮೇಲೆ, ನೀರಿನ ಲೋಟದ ಕೆಳಗಿತ್ತು. ಅದರ ಕೊನೆಯ ಪ್ರಶ್ನೆ: ಸ್ವಿಚ್ ಆಫ್ ಆದ ಮೇಲೆಯೇ ಸೂಚನೆ ಬಂತೇ? ನಾಳೆ ಬೆಳಿಗ್ಗೆ ಕೊಡಬೇಕು. "ಇಲ್ಲ" ಎಂದು ಬರೆದರೆ ಗಿಡ್ಡನ ಕೆಲಸ ಹೋಗುತ್ತದೆ. "ಹೌದು ಅಂತ ಬರಿ" ಎಂದು ಗಂಡ ಬೆಳಿಗ್ಗೆಯೇ ಹೇಳಿದ್ದ. ಅವನ ಪರವಾಗಿ ಬರೆಯಬೇಕಾದವಳು "ಸಂಜೆ ನೋಡೋಣ" ಎಂದಿದ್ದಳು.

ಅವಳಿಗೆ ಕಿವಿ ಪರೀಕ್ಷೆ ಮಾಡುವ ಕೋಣೆಯಲ್ಲಿ ಕೆಲಸ. ಹೆಡ್‌ಫೋನ್ ಹಾಕಿಕೊಂಡವರು ಸದ್ದು ಕೇಳಿದಾಗ ಬಟನ್ ಒತ್ತಬೇಕು. ಕೆಲವರು ಸದ್ದಿಗೂ ಮೊದಲೇ ಒತ್ತಿಬಿಡುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ಪಾಸಾಗುವ ಅವಸರ. ಅದಕ್ಕೇ ಅವಳು ಮುಖ ನೋಡುವುದಿಲ್ಲ, ಹೆಬ್ಬೆರಳು ನೋಡುತ್ತಾಳೆ.

"ಅತ್ತಿಗೆ, ದೀಪ ಈ ಕಡೆ ತೋರ್ಸಿ. ಕತ್ತಲಲ್ಲಿ ಕಲ್ಲು ಯಾವ್ದು ಕರಡಿ ಯಾವ್ದು ಗೊತ್ತಾಗ್ತಿಲ್ಲ."

ಅವಳು ದೀಪ ತೋರಿಸಿದಳು. ಕಣ್ಣು ಮಾತ್ರ ಟಿವಿಯ ಮೇಲಿರಲಿಲ್ಲ.

"ಹಿಡ್ದೆ, ಬನ್ನಿ ಅಣ್ಣಾ" ಎಂದ ಗಿಡ್ಡ. ಆಮೇಲೆ ಅವನ ಹೆಬ್ಬೆರಳು ಬಟನ್ನಿನ ಮೇಲೆ ಕೂತಿತು. ಮಾತು ಮೊದಲು, ಬೆರಳು ಆಮೇಲೆ. ಒಂದು ರೆಪ್ಪೆ ಬಡಿಯುವಷ್ಟು ಅಂತರ. ಕಲ್ಲು ಬಿತ್ತು.

"ಮತ್ತೆ ಹೋಯ್ತಾ? ಥತ್, ಈ ಕಂಟ್ರೋಲರೇ ಸರಿಯಿಲ್ಲ ಅತ್ತಿಗೆ. ಒತ್ತಿದ್ದು ತಡವಾಗಿ ತಗೊಳ್ತದೆ."

ಸ್ವಿಚ್ಚೂ ಸರಿಯಿಲ್ಲ, ಕಂಟ್ರೋಲರೂ ಸರಿಯಿಲ್ಲ. ಕಂಡದ್ದು ನಿಜವೋ, ಕಾಣಬೇಕೆಂದು ಹಟ ಹಿಡಿದ ಕಣ್ಣಿನ ಕೆಲಸವೋ ಎಂದು ಅವಳು ತನ್ನನ್ನೇ ಕೇಳಿಕೊಂಡಳು.

"ಹಂಗಾದ್ರೆ ನನ್ನದು ತಗೋ. ಅದು ನಾನಿಟ್ಕೊಳ್ತೀನಿ" ಎಂದು ಕೈ ಚಾಚಿದಳು.

ಗಿಡ್ಡ ಅವಳ ಮುಖ ನೋಡಿದ. ಕೊಡಲು ಸ್ವಲ್ಪ ತಡಮಾಡಿದನೇ? ಅಂತೂ ಕೊಟ್ಟ. ಆಟದೊಳಗೆ ಪಾತ್ರಗಳನ್ನೂ ಬದಲಿಸಿಕೊಂಡ ಮೇಲೆ ಅವಳು ಅದರಲ್ಲಿ ದೀಪ ಹಚ್ಚಿದಳು. ತಡವಾಗಿ ಹತ್ತಿದ ಹಾಗೆ ಅನ್ನಿಸಿತು. ಇನ್ನೊಮ್ಮೆ ಒತ್ತಿದಳು, ಥಟ್ಟನೆ ಹತ್ತಿತು.

ಗಿಡ್ಡ ಈ ಸಲ ಬಟನ್ ಒತ್ತಿದ. ಕಲ್ಲು ಗಾಳಿಯಲ್ಲಿ ನಿಂತದ್ದನ್ನು ನೋಡಿದ. ಆಮೇಲೆ ಮೆಲ್ಲಗೆ "ಹಿಡ್ದೆ" ಎಂದ.

ಕರಡಿ ಹೊರಡಲಿಲ್ಲ.

"ಹಿಡ್ದೆಯಾ?" ಎಂದು ಕೇಳಿದ ಮೆಕ್ಯಾನಿಕ್.

ಒಂಬತ್ತು ವರ್ಷದಲ್ಲಿ ಅವನು ಹಾಗೆ ತಿರುಗಿ ಕೇಳಿದ್ದು ಅದೇ ಮೊದಲು. ಗಿಡ್ಡನ ಕಿವಿ ಕೆಂಪಾಯಿತು.

"ಹಿಡ್ದಿದೀನಿ ಅಣ್ಣಾ."

ಕರಡಿ ದಾಟಿತು. ಬಾಗಿಲು ತೆರೆಯಿತು. ಯಾರೂ ಕೂಗಲಿಲ್ಲ. ಗಿಡ್ಡ ಟೀ ಬೇಡವೆಂದು ಎದ್ದ. ಚಪ್ಪಲಿ ಮೆಟ್ಟುವಾಗ ಟೀಪಾಯಿಯ ಮೇಲಿನ ಹಾಳೆಯತ್ತ ಒಮ್ಮೆ ನೋಡಿದ.

ಅವನ ಹೆಜ್ಜೆಯ ಸದ್ದು ಮೆಟ್ಟಿಲಲ್ಲಿ ಅಡಗಿದ ಮೇಲೆ ಅವಳು ಪೆನ್ನು ತೆಗೆದುಕೊಂಡಳು.

"ರೀ, ಏನು ಬರೀಲಿ?"

"ಹೌದು ಅಂತ ಬರಿ ಅಂದಿದ್ದೆ." ಅವನು ಬ್ಯಾಂಡೇಜಿನ ಅಂಚಿನ ದಾರ ಎಳೆಯುತ್ತಿದ್ದ. "ನೀನು ಕಂಟ್ರೋಲರ್ ಯಾಕೆ ಬದಲಾಯಿಸ್ಕೊಂಡೆ ಅಂತ ನಂಗೊತ್ತಾಯ್ತು. ಕೈ ವಾಸಿಯಾದ್ಮೇಲೆ ಅವನ ಜೊತೆಗೇ ಗುಂಡೀಗಿಳೀಬೇಕು ನಾನು."

"ಅದಕ್ಕೇ ಕೇಳ್ತಿದೀನಿ."

ಅವನು ಆ ದಾರವನ್ನು ಕಿತ್ತು ಹಾಕಿದ. "ಮಾತು ಕೇಳಿಸ್ತು, ಕೈ ಹಾಕ್ದೆ ಅಂತ ಬರಿ. ಸ್ವಿಚ್ಚು ಕೆಳಗಿನಿಂದ ಕಾಣಲ್ಲ ಅಂತ ಬರಿ."

ಅಷ್ಟೇ ಬರೆದಳು. ಅವನು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಸಹಿ ಹಾಕಿದ. ನೀರಿನ ಲೋಟ ಬಿಟ್ಟಿದ್ದ ಒದ್ದೆ ಬಳೆಯೊಳಗೆ ಶಾಯಿ ಸ್ವಲ್ಪ ಹರಡಿತು. ಸೋಫಾದ ಮೇಲೆ ಅದಲುಬದಲಾದ ಆ ಎರಡು ಕಂಟ್ರೋಲರ್‌ಗಳು ಅಕ್ಕಪಕ್ಕ ಬಿದ್ದಿದ್ದವು. ಯಾವುದು ಯಾರದೆಂದು ಈಗ ಅವಳಿಗೂ ತಿಳಿಯಲಿಲ್ಲ.

ಅಂದು ಮೇಲಿನ ಕೋಣೆಯಲ್ಲಿ ಮಾತು ಮೊದಲು ಬಂತೋ, ಕೈ ಮೊದಲು ಹೋಯಿತೋ, ನನಗೆ ಗೊತ್ತಿಲ್ಲ. ಗಿಡ್ಡನಿಗಾದರೂ ಗೊತ್ತಿತ್ತೇ ಎಂಬುದೂ ಗೊತ್ತಿಲ್ಲ.