ಮಾಳಿಗೆ ಮೇಲಿನ ಎಣ್ಣೆ

ಕಲ್ಪನ ಬಸ್ಸಿಳಿದು ಬಂದವಳೇ ಚೀಲವನ್ನು ಜಗಲಿ ಮೇಲೆ ಕುಕ್ಕಿದಳು. ಬೆಳಿಗ್ಗೆ ಕೊಂಡೊಯ್ದಿದ್ದ ಎಣ್ಣೆ ಬಾಟಲಿಗಳೆಲ್ಲ ಹಾಗೇ ವಾಪಸ್ ಬಂದಿದ್ದವು.

"ಕಮಟು ವಾಸನೆಯಂತೆ ಅತ್ತೆ. ಕರಿದ ಎಣ್ಣೆ ಬೆರೆಸಿದ್ದೀಯಾ ಅಂತ ಕೇಳುದ್ರು ಕ್ವಾರ್ಟರ್ಸ್ ರಾಧಾಮಣಿ ಮೇಡಂ. ಎಲ್ರ ಮುಂದೆ."

ಅತ್ತೆ ಅಶ್ವತ್ಥಮ್ಮನ ಮೈಯೆಲ್ಲ ಉರಿದುಹೋಯಿತು. ತಮ್ಮದೇ ಹೊಲದ ಕಡಲೆಕಾಯಿ, ಬಂಗಾರಪೇಟೆ ಗಾಣದಲ್ಲಿ ಕಣ್ಣೆದುರೇ ಆಡಿಸಿದ ಎಣ್ಣೆ. ಬೇತಮಂಗಲದಿಂದ ಕೆಜಿಎಫ್‌ನ ಕಾರ್ಖಾನೆ ಕ್ವಾರ್ಟರ್ಸಿಗೆ ಹೋಗಿ, ಸೊಸೆ ಮನೆಮನೆ ಅಲೆದು ಹಿಡಿದ ವ್ಯಾಪಾರ. ಅದಕ್ಕೆ ಬೆರಕೆಯ ಹೆಸರೇ? ಇಂಥ ಮಾತು ಕೇಳಿ ಸುಮ್ಮನಿರುವ ಹೆಂಗಸಲ್ಲ ಅವಳು.

"ನೀವು ಮಾಳಿಗೆ ಮೇಲೆ ಬಿಸಿಲಿಗಿಟ್ಟಿದ್ದಕ್ಕೇ ಕೆಟ್ಟಿರ್ಬೇಕು," ಅಂದಳು ಕಲ್ಪನ ಮೆಲ್ಲಗೆ.

"ಏನಂದೆ? ಮಡ್ಡಿ ಇಳೀಲಿ ಅಂತ ನಮ್ಮತ್ತೇನೂ ಬಿಸಿಲಿಗೇ ಇಕ್ತಿದ್ಲು. ಆಗ ಕೆಡದೆ ಇದ್ದಿದ್ದು ಈಗ್ಯಾಕೆ ಕೆಡ್ತದೆ? ತೋರಿಸ್ತೀನಿ ಇರು!"

ಹಠಕ್ಕೆ ಬಿದ್ದ ಮುದುಕಿ ಮರುದಿನವೇ ಗಾಣಕ್ಕೆ ಹೋಗಿ ಹೊಸ ಎಣ್ಣೆ ಆಡಿಸಿ ತಂದಳು. ಅರ್ಧವನ್ನು ಅತ್ತೆ ಕಾಲದ ದಪ್ಪ ಪಿಂಗಾಣಿ ಜಾಡಿಗೆ ಸುರಿದು ಬಾಯಿಗೆ ಬಟ್ಟೆ ಕಟ್ಟಿದಳು. ಇನ್ನರ್ಧ ಸೊಸೆಯ ಬಾಟಲಿಗೆ. ಎಣ್ಣೆಯ ಬಣ್ಣ ಕಂಡರೆ ಕೊಳ್ಳುವವರು ಮನಸೋಲುತ್ತಾರೆ ಅಂತ ಕಲ್ಪನ ಹುಡುಕಿ ತಂದ, ಒಳಗಿನದೆಲ್ಲ ಕಾಣುವ ಬಾಟಲಿ. ಎರಡನ್ನೂ ಮಾಳಿಗೆ ಮೇಲೆ ಅಕ್ಕಪಕ್ಕ ಇಟ್ಟು ಕಾದಳು. ಬೇತಮಂಗಲದಲ್ಲಿ ಬಿಸಿಲಿಗೇನು ಬರವೇ?

ಕೆಲವು ದಿನ ಕಳೆದ ಮೇಲೆ ಸೊಸೆಯನ್ನೂ ಮಾಳಿಗೆಗೆ ಕರೆದು ಜಾಡಿಯ ಬಟ್ಟೆ ಬಿಚ್ಚಿದಳು. ಕಡಲೆಬೀಜ ಘಮ್ಮೆಂದಿತು. ಬಾಟಲಿಯ ಮುಚ್ಚಳ ತಿರುಗಿಸಿದ್ದೇ ತಡ, ಮೂಗು ಸಿಂಡರಿಸಿದಳು. ಅದೇ ಹಾಳು ಕಮಟು.

"ಬಿಸಿಲು ಎಲ್ಡಕ್ಕೂ ಒಂದೇ ಕಣೇ. ಜಾಡಿ ಒಳಕ್ಕೆ ಬೆಳಕು ಓಗಿಲ್ಲ, ಬಾಟ್ಲಿ ಒಳಕ್ಕೆ ಓಗಿದೆ. ಬೆಳಕೇ ಎಣ್ಣೆನ ಕೆಡಿಸಾಕಿದೆ! ನಿನ್ ಬಾಟ್ಲಿದೇ ತಪ್ಪು, ನೋಡ್ದಾ? ನನಗೆ ಏಳಕ್ಕೆ ಬಂದ್ಲು!"

ಕಲ್ಪನ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದಳು. ಅವಳ ಕಣ್ಣು ತುಂಬಿದ್ದು ಕಂಡು ಅಶ್ವತ್ಥಮ್ಮನ ಗೆದ್ದ ಖುಷಿ ಅಲ್ಲೇ ಇಳಿದುಹೋಯಿತು.

"ಅಳಬ್ಯಾಡ. ಸೀರೆ ಬದಲಾಯಿಸು, ಬಸ್ಸಿಗೆ ಹೊತ್ತಾಯ್ತು."

ಕ್ವಾರ್ಟರ್ಸಿನಲ್ಲಿ ರಾಧಾಮಣಿ ಕುರ್ಚಿ ಹಾಕಿದರೂ ಅಶ್ವತ್ಥಮ್ಮ ಕೂರಲಿಲ್ಲ. ಅಕ್ಕಪಕ್ಕದ ಹೆಂಗಸರನ್ನೆಲ್ಲ ತಾನೇ ಕೂಗಿ ಕರೆದು, ಜಾಡಿ ಬಾಟಲಿ ಎರಡನ್ನೂ ಮೆಟ್ಟಿಲ ಮೇಲಿಟ್ಟಳು.

"ಎಲ್ಡೂ ಒಂದೇ ಗಾಣದ್ದು, ಒಂದೇ ದಿನದ್ದು. ಮೂಸ್ರಿ."

ಮೂಸಿದರು. ಮುಖ ಮುಖ ನೋಡಿಕೊಂಡರು.

"ಬರೀ ಬೆಳಕಿಗೆ ಇಷ್ಟು ಕೆಡುತ್ತಾ?" ಅಂದಳು ರಾಧಾಮಣಿ. "ಹಾಗಾದ್ರೆ ತಪ್ಪು ಯಾರದು?"

ಕಲ್ಪನ ತಲೆ ತಗ್ಗಿಸಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ದನಿ ಎದ್ದಿತು.

"ನಂದು. ಮಾಳಿಗೆ ಮೇಲೆ ಇಕ್ಕಿದೋಳು ನಾನು. ನನ್ ಸೊಸೆ ಬೆರಕೆ ಮಾಡೋಳಲ್ಲ. ನೀವು ಎಣ್ಣೆ ತಗಳ್ರಿ, ಬಿಡ್ರಿ. ಎಲ್ರ ಮುಂದೆ ಆಡಿದ ಮಾತು ಎಲ್ರ ಮುಂದೇನೇ ವಾಪಸ್ ತಗಳ್ರಿ. ಅಲ್ಲೀಗಂಟ ನಾನಿಲ್ಲಿಂದ ಅಲ್ಲಾಡಾಕಿಲ್ಲ."

ರಾಧಾಮಣಿ ಕೆಂಪಾದಳು. "ದುಡುಕಿ ಅಂದುಬಿಟ್ಟೆ ಕಲ್ಪನ, ತಪ್ಪಾಯ್ತು," ಅಂದು, ಒಳಗಿನಿಂದ ಮುಚ್ಚಳದ ಸ್ಟೀಲ್ ಡಬ್ಬ ತಂದು ಕೈಗಿತ್ತಳು. "ಮುಂದಿನ ಸಲ ಇದಕ್ಕೇ ತುಂಬ್ಕೊಂಡು ಬಾ."

ವಾಪಸ್ ಬಸ್ಸಿನಲ್ಲಿ ಕಲ್ಪನ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಬಾಟ್ಲಿ ತಂದೋಳು ನಾನಲ್ವಾ?"

ಅಶ್ವತ್ಥಮ್ಮ ಸೊಸೆಯ ತೊಡೆ ಮೇಲಿದ್ದ ಭಾರದ ಜಾಡಿಯನ್ನು ತನ್ನ ತೊಡೆಗೆ ಎಳೆದುಕೊಂಡಳು.

"ಮುಚ್ಚೇ ಬಾಯಿ. ಅದಕ್ಕೆ ಮನೇಲಿ ಬೈತೀನಿ."