ಜಡ್ಡಿನ ತಾಟು

ನಾನು ಒಂದು ತಾಟು. ಸ್ಟೀಲಿನ ಹಾಳೆಯನ್ನು ಯಂತ್ರ ಒಂದೇ ಏಟಿಗೆ ಒತ್ತಿದಾಗ ಹುಟ್ಟಿದೆ. ಹುಟ್ಟುವಾಗ ಕೂಗಿದೆ. ಆ ಕೂಗು ಇನ್ನೂ ನನ್ನ ಅಂಚಿನಲ್ಲೇ ಇದೆ. ಕೈ ತಪ್ಪಿ ನೆಲಕ್ಕೆ ಬಿದ್ದರೆ ಯಾರಿಗಾದರೂ ಕೇಳಿಸುತ್ತದೆ.

ನನ್ನ ಜೊತೆ ಹುಟ್ಟಿದವರೆಲ್ಲ ನನ್ನ ಹಾಗೆಯೇ ಇದ್ದರು. ನಮ್ಮನ್ನು ಒಂದರ ಮೇಲೊಂದು ಪೇರಿಸಿ, ಗೋಣಿಯಲ್ಲಿ ಸುತ್ತಿ, ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ತಂದರು. ಎಂ.ಎ. ಓದುವವರು ಕೆಳಗಿನ ಅಂತಸ್ತಿನಲ್ಲಿ, ಪಿಎಚ್.ಡಿ. ಮಾಡುವವರು ಮೇಲೆ. ಊಟದ ಮನೆ ಮಾತ್ರ ಎಲ್ಲರಿಗೂ ಒಂದೇ. ಅಲ್ಲಿ ಅಡುಗೆ ಮಾಡುತ್ತಿದ್ದವಳು ಕಾಶವ್ವ.

ಬಂದ ಹೊಸದರಲ್ಲೇ ಸಾರಿನ ದೊಡ್ಡ ಪಾತ್ರೆ ನನ್ನ ಮೇಲೆ ಬಿತ್ತು. ನಡುವೆ ತಗ್ಗು ಬಿತ್ತು. ಆಮೇಲೆ ಉಳಿದವರ ಜೊತೆ ಪೇರಿಸಿದರೆ ನಾನು ಜಾರುತ್ತಿದ್ದೆ.

“ಇದು ಮಂದೀ ಕೂಡ ಕೂಡಂಗಿಲ್ಲ. ಜಡ್ಡಿನವರಿಗೆ ಇರಲಿ,” ಎಂದಳು ಕಾಶವ್ವ. ಮೊಳೆಯಿಂದ ನನ್ನ ಅಂಚಿಗೆ ತೂತು ಹೊಡೆಸಿ, ಕಿಟಕಿಯ ಪಕ್ಕ ಬೇರೆಯಾಗಿ ತೂಗುಹಾಕಿದಳು.

ಆ ಹಾಸ್ಟೆಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಊಟವನ್ನು ಯಾರೂ ಖೋಲಿಗೆ ಒಯ್ಯುವಂತಿಲ್ಲ. ಮೈಯಲ್ಲಿ ಹುಷಾರಿಲ್ಲದವರಿಗೆ ಮಾತ್ರ ಖೋಲಿಯ ಗೆಳತಿ, ಗೆಳತಿ ಇಲ್ಲದಿದ್ದರೆ ಜಡ್ಡಾದವಳೇ, ಬಂದು ಒಯ್ಯಬಹುದು, ಅದೂ ನನ್ನ ಮೇಲೆ. ಮೆತ್ತಗಿನ ಅನ್ನ, ಖಾರವಿಲ್ಲದ ಬೇಳೆ, ಚೂರು ಮೊಸರು. ಗಟ್ಟಿಮುಟ್ಟಾದವರು ನನ್ನನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಜಡ್ಡು ಅಂಟುತ್ತದಂತೆ.

ಹೀಗಾಗಿ ನಾನು ಮನುಷ್ಯರನ್ನು ಜ್ವರದಲ್ಲಿ ಮಾತ್ರ ಕಂಡವನು. ಕೆಳಗಿನಿಂದ ನೋಡುವ ನನಗೆ ಅವರ ಒಣಗಿದ ತುಟಿ ಕಾಣುತ್ತಿತ್ತು, ಮೂಗಿನ ತುದಿ ಕಾಣುತ್ತಿತ್ತು. ಒಬ್ಬಳು ಅನ್ನ ಮುಟ್ಟದೆ ಬೇಳೆಯಲ್ಲಿ ಬೆರಳಾಡಿಸಿ ಏನೋ ಸೂತ್ರ ಬರೆದಳು. ಇನ್ನೊಬ್ಬಳು ಉಪ್ಪು ಸಾಲದೆಂದು ಬೈಯುತ್ತ ಅತ್ತಳು. ಅತ್ತ ಮೇಲೆ ಉಪ್ಪು ಸಾಕಾಯಿತು. ಯಾರೂ ಪೂರ್ತಿ ಉಣ್ಣುತ್ತಿರಲಿಲ್ಲ. ಹಸಿವು ಎಂದರೇನು ಎಂದು ನನಗೆ ಗೊತ್ತಿರಲಿಲ್ಲ.

ಅದನ್ನು ಕಲಿಸಿದವಳು ನೀಲಗಂಗಾ.

ಜಿಲ್ಲೆಯ ಹಳೆಯ ಬಾವಿಗಳ ಮೇಲೆ ಅವಳ ಪಿಎಚ್.ಡಿ. ಎಲ್ಲ ಬರೆದಾಗಿತ್ತು. ಕೊನೆಯ ಅಧ್ಯಾಯ ಗೈಡ್ ಹತ್ತಿರ ಕುಳಿತಿತ್ತು. ಅವರು ಓದುತ್ತಿರಲಿಲ್ಲ, ಇಲ್ಲ ಎನ್ನುತ್ತಲೂ ಇರಲಿಲ್ಲ. ಅಷ್ಟರಲ್ಲಿ ಹಾಸ್ಟೆಲ್ಲಿನಲ್ಲಿ ಅವಳ ಅವಧಿ ಮುಗಿಯಿತು. ಹೊರಗೆ ಖೋಲಿ ಕೇಳಿದರೆ ಬಾಡಿಗೆಗೆ ಕೊಡುವವರು, ಅಪ್ಪನನ್ನು ಕರೆದುಕೊಂಡು ಬಾ ಅಂದರು. ಅಪ್ಪ ಬಂದರೆ ಖೋಲಿ ಕೊಡಿಸುವುದಿಲ್ಲ, ಊರಿಗೇ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಗಂಡು ಗೊತ್ತಾಗಿತ್ತು. ಪಿಎಚ್.ಡಿ. ಒಪ್ಪಿಸಿ ಬಂದರೆ ಅವಳ ಮಾತು ಕೇಳುತ್ತೇವೆ, ಇಲ್ಲವಾದರೆ ಇಲ್ಲ ಎಂದು ಮನೆಯವರು ಹೇಳಿದ್ದರು.

ನೀಲಗಂಗಾ ಎಲ್ಲರ ಎದುರು ಟ್ರಂಕು ಹೊತ್ತು ಗೇಟು ದಾಟಿದಳು. ಹಾಸ್ಟೆಲ್ಲಿನ ವಾರ್ಷಿಕೋತ್ಸವದ ಗದ್ದಲದಲ್ಲಿ ಟ್ರಂಕಿಲ್ಲದೆ ಒಳಗೆ ಬಂದು ತನ್ನ ಹಳೆಯ ಖೋಲಿಯಲ್ಲೇ ಅಡಗಿದಳು. ಅವಳ ಖೋಲಿಯ ಗೆಳತಿ ತಸ್ಲೀಮಾ ಗದಗಿನ ಕಡೆಯವಳು, ಬಾಯಿ ಬಡಕಿ, ಧೈರ್ಯದವಳು. ಮಾರನೆಯ ದಿನವೇ ತಸ್ಲೀಮಾಗೆ ಜಡ್ಡು ಶುರುವಾಯಿತು.

“ಏ ನೀಲಾ, ಇವತ್ತ ಕಾಶವ್ವನ ಮುಂದ ಯಾವ ಜಡ್ಡ ಹೇಳಲೆ?”

“ನಿನ್ನೆ ಹೊಟ್ಟಿ ಆತು. ಇವತ್ತ ತಲಿ ಹೇಳು.”

“ತಲಿ ಇದ್ದಿದ್ರ ನಿನ್ನ ಇಟ್ಕೋತಿದ್ದೆನೇನ?”

ಮೊದಲ ದಿನ ನೀಲಗಂಗಾ ನನ್ನನ್ನು ಮಡಿಲಲ್ಲಿಟ್ಟುಕೊಂಡು ಉಂಡದ್ದು ನನಗೆ ಮರೆಯದು. ಅಗುಳು ಬಿಡಲಿಲ್ಲ. ಬೆರಳಿನಿಂದ ನನ್ನ ತಗ್ಗನ್ನು ಒರೆಸಿ ನೆಕ್ಕಿದಳು. ಬಗ್ಗಿ ನೋಡಿದಾಗ ಅವಳ ಮುಖ ನನ್ನಲ್ಲಿ ಎರಡಾಗಿ ಒಡೆದು ಕಂಡಿತು. ಒಂದು ನಗುತ್ತಿತ್ತು.

ಮಧ್ಯಾಹ್ನ ಹುಡುಗಿಯರೆಲ್ಲ ಡಿಪಾರ್ಟ್‌ಮೆಂಟಿಗೆ ಹೋದಾಗ ಹಾಸ್ಟೆಲ್ಲು ಬಿಸಿಲಲ್ಲಿ ಬಿಕೋ ಎನ್ನುತ್ತಿತ್ತು. ಆಗ ಅವಳು ಬರಿಗಾಲಲ್ಲಿ ಓಡಾಡುತ್ತಿದ್ದಳು. ಕೆಮ್ಮು ಬಂದರೆ ದಿಂಬು ಕಚ್ಚುತ್ತಿದ್ದಳು. ಕಿಟಕಿ ತೆರೆಯುತ್ತಿರಲಿಲ್ಲ. ತೊಳೆದ ಬಟ್ಟೆ ಮುಗ್ಗಲು ವಾಸನೆ ಹಿಡಿಯಿತು. ಗೈಡ್ ಕಡೆಯಿಂದ ಏನೂ ಬರಲಿಲ್ಲ. ಜಡ್ಡಿನವರ ಊಟ ಉಂಡು ಉಂಡು ಅವಳ ಮುಖ ಬಿಳಿಚಿಕೊಂಡಿತು, ಎದೆಯ ಎಲುಬು ಕಂಡವು. ಜಡ್ಡಿಲ್ಲದ ತಸ್ಲೀಮಾ ಮಾತ್ರ ಹೊರಗೆ ಹೋಟೆಲಿನಲ್ಲಿ ಉಂಡು, ಸಂಜೆ ಶಟಲ್ ಆಡಿ ಗುಂಡಗಾಗುತ್ತಿದ್ದಳು.

ಕೆಳಗಿನ ಅಂತಸ್ತಿನ ಹುಡುಗಿಯರು ಮಾತಾಡತೊಡಗಿದರು. ತಸ್ಲೀಮಾ ಇಲ್ಲದಾಗಲೂ ಮೇಲಿನ ಖೋಲಿಯಲ್ಲಿ ಯಾರೋ ಓಡಾಡುತ್ತಾರೆ. ಬಾಗಿಲಿಗೆ ಕಿವಿಯಿಟ್ಟರೆ ಹಾಳೆ ಮಗುಚುವ ಸದ್ದು. ಹಿಂದೆ ಯಾರೋ ಅಲ್ಲಿ ಓದುತ್ತ ಓದುತ್ತಲೇ ಸತ್ತಿದ್ದಳಂತೆ. ಬಾಗಿಲ ಆಚೆ ಈ ಮಾತು ಕೇಳಿ ನೀಲಗಂಗಾ ಮೊದಮೊದಲು ಬಾಯಿ ಮುಚ್ಚಿಕೊಂಡು ನಕ್ಕಳು. ಒಂದು ಮಧ್ಯಾಹ್ನ, ಮಂಚದ ಮೇಲೆ ಮೊಣಕಾಲಪ್ಪಿ ಕುಳಿತಿದ್ದಾಗ, ಅವಳಿಗೇ ಹೆಜ್ಜೆಯ ಸದ್ದು ಕೇಳಿಸಿತು. ಖೋಲಿಯ ಒಳಗೇ. ಅವಳು ಬಗ್ಗಿ ತನ್ನ ಪಾದಗಳನ್ನು ನೋಡಿಕೊಂಡಳು. ಅವು ಅಲುಗಾಡುತ್ತಿರಲಿಲ್ಲ. ನಾನೂ ಕೇಳಿದೆ. ಸುಳ್ಳು ಹೇಳಲಾರೆ.

ಇತ್ತ ಕಾಶವ್ವ ಪ್ರತಿದಿನ ಬರಿದಾಗಿ ಬರುವ ನನ್ನನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಅಮಾವಾಸ್ಯೆಯ ದಿನ ತಸ್ಲೀಮಾ ಬಂದಾಗ ಅವಳು ಅನ್ನ ಬೇಳೆ ಹಾಕಲಿಲ್ಲ. ನನ್ನನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಹೋಳಿಗೆ ಇಟ್ಟಳು, ತುಪ್ಪ ಸುರಿದಳು, ಕಟ್ಟಿನ ಸಾರು, ಹಪ್ಪಳ, ಬದನೆಕಾಯಿ ಪಲ್ಯ ಬಡಿಸಿದಳು. ಆಮೇಲೆ ಅಂಚಿಗೆ ಕುಂಕುಮದ ಬೊಟ್ಟು ಇಟ್ಟಳು. ಅದು ಎಡೆ. ಸತ್ತವರಿಗೆ ಹಿಡಿಯುವ ಎಡೆ.

“ಖೋಲಿಯೊಳಗ ಇಟ್ಟು ನೀ ಹೊರಗ ಬಾರವ್ವ,” ಎಂದಳು. “ಉಂಡು ಸಮಾಧಾನ ಆಗಲಿ.”

ತಸ್ಲೀಮಾ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲೇರಿದಳು.

ನೀಲಗಂಗಾ ಹೋಳಿಗೆಯನ್ನು ನೋಡಿದಳು, ಕುಂಕುಮವನ್ನು ನೋಡಿದಳು. “ನಾ ಯಾವಾಗ ಸತ್ತೆ, ತಸ್ಲೀಮಾ?”

“ಹುಚ್ಚಿ! ತೊಗೊ, ತಿನ್ನು. ತುಪ್ಪ ಆರ್ತೈತಿ.”

“ಎಡಿ ಉಂಡವರು ಹೋಗಬೇಕಂತ. ನಾ ಎಲ್ಲಿ ಹೋಗಲೆ?”

ಆದರೂ ಉಂಡಳು. ಉಣ್ಣುತ್ತ ಅಳುತ್ತಿದ್ದಳು, ಬಾಯಿ ಮಾತ್ರ ನಿಲ್ಲಲಿಲ್ಲ. ಮುಗಿದ ಮೇಲೆ ಕುಂಕುಮ ಒರೆಸಲಿಲ್ಲ. ನನ್ನನ್ನು ಎದೆಗೆ ಅವುಚಿಕೊಂಡು ಎದ್ದಳು, ಬಾಗಿಲು ತೆರೆದಳು. ತಸ್ಲೀಮಾ ಕೈ ಹಿಡಿದಳು; ನೀಲಗಂಗಾ ಕೊಸರಿಕೊಂಡು ಹಾಡಹಗಲೇ ಮೆಟ್ಟಿಲಿಳಿದಳು.

ಊಟದ ಮನೆಯಲ್ಲಿ ಅರ್ಧ ಜನ ಇನ್ನೂ ಉಣ್ಣುತ್ತಿದ್ದರು. ಅವಳು ಹೋಗಿ ಕಾಶವ್ವನ ಎದುರು ನನ್ನನ್ನು ಚಾಚಿದಳು.

ಹೊಸ ಹುಡುಗಿಯರು ಅವಳ ಬಿಳಿಚಿದ ಮುಖ, ಬಾಚದ ಕೂದಲು ಕಂಡು ಒಬ್ಬರನ್ನೊಬ್ಬರು ಅವುಚಿಕೊಂಡರು. ಗುರುತು ಸಿಕ್ಕ ಹಳಬರು ತಮ್ಮ ತಾಟು ನೋಡುತ್ತ ಕುಳಿತರು. ಹೆದರಿದವರ ಮೌನ ಯಾವುದು, ಗೊತ್ತಿದ್ದವರ ಮೌನ ಯಾವುದು ಎಂದು ಬೇರೆ ಮಾಡಲಾಗುತ್ತಿರಲಿಲ್ಲ. ಕಾಶವ್ವ ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಮುಚ್ಚಿದ ಕಣ್ಣಿನಲ್ಲೇ ಸೌಟು ಅದ್ದಿ ಅನ್ನ ಹಾಕಿದಳು, ಸಾರು ಹಾಕಿದಳು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

ಅಂದಿನಿಂದ ನೀಲಗಂಗಾ ದಿನಾ ಬಂದಳು. ಮೂಲೆಯ ಬೆಂಚು ಅವಳದಾಯಿತು. ಯಾರೂ ಪಕ್ಕ ಕೂಡಲಿಲ್ಲ, ಮಾತಾಡಿಸಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ಸುದ್ದಿ ವಾರ್ಡನ್ ಮೇಡಮ್ಮರಿಗೂ ಮುಟ್ಟಿತು. ಅವರು ದೆವ್ವಗಳನ್ನು ನಂಬುವವರಲ್ಲ. ಆದರೆ ಮಧ್ಯಾಹ್ನ ಊಟದ ಮನೆಗೆ ಬರುವುದನ್ನು ಬಿಟ್ಟರು. ನೀಲಗಂಗಾಳ ಕೆನ್ನೆ ತುಂಬಿತು. ಅವಳು ಡಿಪಾರ್ಟ್‌ಮೆಂಟಿಗೂ ಹೋಗಿ ಗೈಡ್ ಬಾಗಿಲ ಎದುರು ದಿನಾ ನಿಂತಳು, ಸುಮ್ಮನೆ, ಮಾತಿಲ್ಲದೆ. ದೆವ್ವ ಹೇಗೆ ನಿಲ್ಲಬೇಕೆಂದು ಅವಳಿಗೆ ಅಭ್ಯಾಸವಾಗಿತ್ತು. ಅವರು ಕೊನೆಗೂ ಸಹಿ ಹಾಕಿಕೊಟ್ಟರು.

ಒಪ್ಪಿಸಿ ಬಂದ ದಿನ ಅವಳು ನನ್ನನ್ನು ಚಾಚಿ ಹೇಳಿದಳು: “ಕಾಶವ್ವಾರ, ಒಮ್ಮೆ ಕಣ್ಣು ತೆರಿರಿ. ನಾ ನೀಲಗಂಗಾ. ನಾ ಸತ್ತಿಲ್ರಿ.”

“ಗೊತ್ತೈತಿ ನನ್ನವ್ವ,” ಎಂದಳು ಕಾಶವ್ವ, ಕಣ್ಣು ತೆರೆಯದೆ, ಸಣ್ಣ ದನಿಯಲ್ಲಿ. “ಮೊದಲಿನಿಂದ ಗೊತ್ತೈತಿ. ಜಡ್ಡಿನವರು ತಾಟು ನೆಕ್ಕತಾರೇನು? ಸತ್ತವರಿಗೆ ಹಾಕಿದ್ರ ಯಾರೂ ಏನೂ ಅನ್ನಂಗಿಲ್ಲ. ಬದುಕಿದ್ದವರಿಗೆ ಹಾಕಿದ್ರ ಯಾವ ಖೋಲಿಯಾಕಿ ಅಂತ ಕೇಳ್ತಾರ. ಹಿಡಿ, ಮೊಸರು ಹಾಕಲೇನು?”

ನೀಲಗಂಗಾ ಉಂಡಳು, ನನ್ನನ್ನು ತಾನೇ ತೊಳೆದು ಮೊಳೆಗೆ ಸಿಕ್ಕಿಸಿದಳು. ಗೇಟಿನ ಕಡೆ ಹೋದ ಅವಳ ಚಪ್ಪಲಿಯ ಸದ್ದು ಕೇಳಿದೆ. ಎಷ್ಟೋ ತಿಂಗಳ ಮೇಲೆ ಅವಳ ಕಾಲಿನಲ್ಲಿ ಚಪ್ಪಲಿ ಇತ್ತು.

ಆಮೇಲೆ ಕಾಶವ್ವ ಮುದುಕಿಯಾದಳು, ಹೋದಳು. ಊಟದ ಮನೆ ಗುತ್ತಿಗೆಯವರ ಕೈ ಸೇರಿತು. ಈಗ ಬಾಗಿಲಲ್ಲಿ ಯಂತ್ರವಿದೆ. ಹುಡುಗಿಯರು ಬೆರಳಿಟ್ಟರೆ ಅದು ಗುರುತು ಹಿಡಿದು ಒಳಗೆ ಬಿಡುತ್ತದೆ. ಖಾನೆಗಳಿರುವ ಪ್ಲಾಸ್ಟಿಕ್ ತಾಟುಗಳು ಬಂದಿವೆ. ಜಡ್ಡಾದವರು ಏನು ಉಣ್ಣುತ್ತಾರೋ ತಿಳಿಯದು. ನಾನು ಉಗ್ರಾಣದ ಗೋಡೆಯಲ್ಲಿ, ಅದೇ ತೂತಿನಿಂದ ಜೋತುಬಿದ್ದಿದ್ದೇನೆ. ಗಾಳಿ ಬಂದರೆ ಗೋಡೆಗೆ ತಾಕುತ್ತೇನೆ. ಉಗ್ರಾಣದಲ್ಲಿ ದೆವ್ವವಿದೆ ಎಂದು ಈಗಿನವರು ಹೇಳುತ್ತಾರೆ.

ನಿನ್ನೆ ಮಧ್ಯಾಹ್ನ, ಎಲ್ಲರೂ ಹೋದ ಹೊತ್ತಿನಲ್ಲಿ, ನನ್ನ ಮೇಲಿನ ಖೋಲಿಯಲ್ಲಿ ಬರಿಗಾಲಿನ ಸದ್ದು ಕೇಳಿಸಿತು. ನಿಧಾನ, ಹಿಮ್ಮಡಿ ಊರದ ಸದ್ದು. ಆಮೇಲೆ ದಿಂಬು ಕಚ್ಚಿ ತಡೆದ ಒಂದು ಕೆಮ್ಮು. ಅದು ಹಳೆಯ ನೆನಪೋ, ಹೊಸ ಹುಡುಗಿಯೋ ನನಗೆ ತಿಳಿಯದು. ಯಾರಾದರೇನು, ಹಸಿದಿದ್ದಾಳೆ. ಮೊಳೆಯಿಂದ ಇಳಿಯಬೇಕೆಂದು ಗೋಡೆ ಬಡಿಯುತ್ತಿದ್ದೇನೆ. ಆದರೆ ಊಟದ ಮನೆಯ ಬಾಗಿಲಲ್ಲಿರುವುದು ಯಂತ್ರ. ಅದಕ್ಕೆ ಮುಚ್ಚಿಕೊಳ್ಳಲು ಕಣ್ಣಿಲ್ಲ.