ಪಾಪಕ್ಕನ ಕಲ್ಲು

ನನ್ನ ಗೈಡ್ ಲಕ್ಷ್ಮೀಪತಿ ಮೇಷ್ಟ್ರು ಸಂಶೋಧನೆಗೆ ಬಂದವರಿಗೆಲ್ಲ ಮೊದಲ ದಿನವೇ ಒಂದು ಪಾಠ ಮಾಡುತ್ತಿದ್ದರು. ಹಾಡುವವರ ಬಾಯಿ, ಕಣ್ಣಾರೆ ಕಂಡವರ ಮಾತು, ಕಲ್ಲಿನ ಮೇಲಿನ ಬರಹ, ಇವು ಪ್ರಾಥಮಿಕ ಆಕರ. ಇವನ್ನು ನೋಡಿ ಇನ್ನೊಬ್ಬರು ಬರೆದದ್ದು ದ್ವಿತೀಯ ಆಕರ. ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಬಂದರೆ ಮಾತೇ ಇಲ್ಲ, ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಡುತ್ತಿದ್ದರು. ನಾನೂ ಅವರ ಮಾತನ್ನು ವೇದವಾಕ್ಯ ಅಂದುಕೊಂಡವಳೇ.

ನನ್ನ ವಿಷಯ ಮಧುಗಿರಿ ಸೀಮೆಯ ಕುರಿ ಕಾಯುವವರ ಒಂದು ಕಥನಗೀತೆ. ಮಂದೆಯ ಸಮೇತ ಕಾಡಿನಲ್ಲಿ ಕಾಣೆಯಾದ ಅಣ್ಣನನ್ನು ಹುಡುಕಿಕೊಂಡು ತಂಗಿ ಹೊರಡುತ್ತಾಳೆ. ಅಚ್ಚಾಗಿರುವುದು ಅರ್ಧ ಮಾತ್ರ. ತಂಗಿ ಬೆಟ್ಟದ ಬುಡಕ್ಕೆ ಬಂದು ಅಣ್ಣನನ್ನು ಕೂಗುತ್ತಾಳೆ, ಅಲ್ಲಿಗೆ ನಿಂತಿದೆ. ಉಳಿದದ್ದು ಅದನ್ನು ಹಾಡುತ್ತಿದ್ದ ದಿವಂಗತ ಪಾಪಕ್ಕನ ಜೊತೆಗೇ ಹೋಯಿತು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಾನೂ ಹಾಗೇ ಬರೆದೆ. ಅಣ್ಣ ಸತ್ತಿರಲೇಬೇಕು ಎಂದು ಒಂದಿಡೀ ಅಧ್ಯಾಯ ವಾದಿಸಿದೆ ಬೇರೆ.

ಪ್ರಬಂಧ ಸಲ್ಲಿಸುವ ಮೊದಲು ಪಾಪಕ್ಕನ ಸಮಾಧಿಯ ಫೋಟೊ ಇರಲಿ ಎಂದು ಐ.ಡಿ.ಹಳ್ಳಿಗೆ ಬಸ್ಸು ಹತ್ತಿ, ಅಲ್ಲಿಂದ ಆಟೊದಲ್ಲಿ ಅವಳ ಹಟ್ಟಿಗೆ ಹೋದೆ. ಮೊದಲ ಮನೆಯ ಜಗಲಿಯ ಮೇಲೆ ಒಬ್ಬ ಮುದುಕಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು. ಸಮಾಧಿ ಎಲ್ಲಿದೆ ಎಂದು ಅವಳನ್ನೇ ಕೇಳಿದೆ.

"ಕಲ್ಲು ಹೊಲ್ದಾಗೈತೆ ಕಣಮ್ಮ," ಅಂದಳು, ತಲೆಯೆತ್ತದೆ. "ಪಾಪಕ್ಕ ಇಲ್ಲೇ ಅವ್ಳೆ. ನಾನೇಯ."

ಜಗಲಿಯ ಅಂಚಿಗೆ ಕೂತೆ. ಬ್ಯಾಗಿನೊಳಗೆ ಅವಳ ಸಾವು ಅಡಿಟಿಪ್ಪಣಿಯ ಸಮೇತ ಇತ್ತು.

ನಡೆದದ್ದನ್ನು ಅವಳೇ ಹೇಳಿದಳು. ಗಂಡ ಚಿಕ್ಕನರಸಯ್ಯ ತೀರಿಕೊಂಡಾಗ ಮಕ್ಕಳು ಹೊಲದಲ್ಲಿ ಕಲ್ಲು ನಿಲ್ಲಿಸಿದರಂತೆ. ಕೆತ್ತುವವನನ್ನು ಸಿರಾದಿಂದ ಮತ್ತೊಮ್ಮೆ ಕರೆಸುವ ತಾಪತ್ರಯ ಯಾಕೆ ಎಂದು ಇವಳ ಹೆಸರನ್ನೂ ಪಕ್ಕದಲ್ಲೇ ಕೆತ್ತಿಸಿಬಿಟ್ಟರು. ಅದಕ್ಕೂ ಮೊದಲು ಒಬ್ಬ ಮೇಷ್ಟ್ರು ಬಂದು ಅರ್ಧ ಪದ ರೆಕಾರ್ಡ್ ಮಾಡಿಕೊಂಡು, ಉಳಿದದ್ದಕ್ಕೆ ಮತ್ತೆ ಬರುತ್ತೇನೆ ಅಂದಿದ್ದರು. ಬಂದರಂತೆ. ರಸ್ತೆ ಬದಿಯ ಹೊಲದಲ್ಲೇ ಕಲ್ಲು ನೋಡಿ, ಚಪ್ಪಲಿ ಬಿಟ್ಟು ಕೈಮುಗಿದು, ಹಟ್ಟಿಗೆ ಕಾಲಿಡದೆ ಹಿಂದಿರುಗಿದರು ಎಂದು ಹೊಲದವರು ಹೇಳಿದರಂತೆ.

ಆ ಮೇಷ್ಟ್ರ ಹೆಸರನ್ನು ನಾನು ಕೇಳಲಿಲ್ಲ. ದಿವಂಗತ ಎಂದು ಮೊದಲು ಬರೆದವರು ಲಕ್ಷ್ಮೀಪತಿ ಮೇಷ್ಟ್ರು. ಉಳಿದವರೆಲ್ಲ ಅವರನ್ನು ನೋಡಿ ಬರೆದವರು. ಹಟ್ಟಿ ಆ ಕಲ್ಲಿನಿಂದ ಒಂದು ಕೂಗಳತೆ. ಒಂದು ಮಾತು ಕೇಳಲು ಇವರಿಗೇನಾಗಿತ್ತು ಧಾಡಿ? ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಮಧುಗಿರಿಯಲ್ಲೇ ಕೂತು ಬರೆದ ನನಗೇನಾಗಿತ್ತು ಅನ್ನುವುದೂ ಹಿಂದೆಯೇ ಹೊಳೆಯಿತು.

ಆದರೆ ಸಿಟ್ಟಿಗಿಂತ ಆಸೆ ದೊಡ್ಡದು. ಉಳಿದರ್ಧ ಪದ ಈ ಹೆಂಗಸಿನ ಬಾಯಲ್ಲಿದೆ! ಮೊಬೈಲಿನ ರೆಕಾರ್ಡರ್ ಹಾಕಿ, ತಂಗಿ ಬೆಟ್ಟದ ಬುಡಕ್ಕೆ ಬಂದ ಮೇಲಿನದನ್ನು ಹಾಡು ಅಜ್ಜಿ ಎಂದು ಬೇಡಿಕೊಂಡೆ.

ಪಾಪಕ್ಕ ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಹುಣಸೆ ಅಂಟಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

"ಮುಂಚೆ ಪದ ಕೇಳಕ್ಕೆ ಎಲ್ಲೆಲ್ಲಿಂದ್ಲೋ ಬರೋರು. ಆಮ್ಯಾಕೆ ಒಬ್ರೂ ಬರ್ಲಿಲ್ಲ. ನನ್ನ ಪದ ಯಾರ್ಗೂ ಬ್ಯಾಡ್ವಾಯ್ತು ಅನ್ಕಂಡು ಸುಮ್ಕಾಗ್ಬುಟ್ಟೆ ಕಣಮ್ಮ. ಮಗಳ್ಗೂ ಹೇಳ್ಕೊಡ್ಲಿಲ್ಲ. ಈಗ ನಂಗೇ ನೆಪ್ಪಿಲ್ಲ."

ಸತ್ತಳು ಎಂದು ಓದಿದವರು ಯಾಕೆ ಬಂದಾರು? ಅದನ್ನು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನೆನಪು ಮರುಕಳಿಸೀತೇನೋ ಎಂದು ಮೇಷ್ಟ್ರ ಪುಸ್ತಕ ತೆಗೆದು, ಅವಳೇ ಹಾಡಿದ್ದ ಅರ್ಧವನ್ನು ನಿಧಾನವಾಗಿ ಓದತೊಡಗಿದೆ. ಪಾಪಕ್ಕ ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿ, ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ತಂಗಿ ಬೆಟ್ಟದ ಬುಡದಲ್ಲಿ ನಿಂತು ಅಣ್ಣನನ್ನು ಕೂಗಿದಳು. ಪುಟ ಮುಗಿಯಿತು.

ಪಾಪಕ್ಕ ನನ್ನ ಕಡೆ ಇನ್ನಷ್ಟು ಸರಿದು ಕೂತಳು.

"ಬೋ ಚೆಂದಾಗೈತೆ. ಆಮ್ಯಾಕೆ ಏನಾಯ್ತು, ಹೇಳು ಕಣಮ್ಮ," ಅಂದಳು.